ಸರ್ಪಸುತ್ತು ಬಂದಿರುವಾಗ ದೂರದ ಓಟದ ಅಭ್ಯಾಸವನ್ನು ಎಷ್ಟು ದಿನ ನಿಲ್ಲಿಸಬೇಕು?

ಪ್ರಶ್ನೆ: ಬೆಟ್ಟದ ದಾರಿ, ಮೈಸೂರು

ನಮಸ್ಕಾರ. ನನಗೆ 46 ವರ್ಷ. ಹಲವು ವರ್ಷಗಳಿಂದ ಮ್ಯಾರಥಾನ್ ಓಡುತ್ತಿದ್ದೇನೆ. ಈ ಬಾರಿ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ವಾರಾಂತ್ಯಗಳಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿಳಿಯುವ ಅಭ್ಯಾಸ ನಡೆಸಿದ್ದೆ. ಕಳೆದ ವಾರ ಎಡ ಪಕ್ಕೆಯಿಂದ ಬೆನ್ನಿನವರೆಗೆ ಉರಿ ಕಾಣಿಸಿಕೊಂಡು, ಅದರ ಬೆನ್ನಲ್ಲೇ ಅದೇ ಗೆರೆಯಲ್ಲಿ ನೀರುಗುಳ್ಳೆಗಳು ಎದ್ದವು. ವೈದ್ಯರು ಸರ್ಪಸುತ್ತು ಎಂದು ಹೇಳಿ, ವ್ಯಾಲಾಸೈಕ್ಲೊವಿರ್ 1000 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿಯಂತೆ ಏಳು ದಿನಗಳಿಗೆ ಬರೆದುಕೊಟ್ಟಿದ್ದಾರೆ. ಹೃದಯ ಬಡಿತ ಅಳೆಯುವ ಎದೆಪಟ್ಟಿಯೂ ನೀರಿನ ಚೀಲದ ಪಟ್ಟಿಯೂ ಸರಿಯಾಗಿ ಗುಳ್ಳೆಗಳ ಮೇಲೆಯೇ ಕೂರುತ್ತವೆ. ಜ್ವರವಿಲ್ಲ, ಆದರೆ ವಿಪರೀತ ಸುಸ್ತಿದೆ. ಮೆಲ್ಲಗೆ ಓಡುತ್ತಿರಬಹುದೇ, ಅಥವಾ ಪೂರ್ಣ ವಿಶ್ರಾಂತಿಯೇ ಬೇಕೇ? ಮನೆಯಲ್ಲಿ ತಮ್ಮನ ಹೆಂಡತಿ ಏಳು ತಿಂಗಳ ಗರ್ಭಿಣಿಯಾಗಿರುವುದರಿಂದ ಆ ಚಿಂತೆಯೂ ಇದೆ. ಕೆಮ್ಮಣ್ಣು ಹಚ್ಚಿಸಿಕೊಂಡು ಬಾ ಎಂದು ಅಮ್ಮ ಒತ್ತಾಯಿಸುತ್ತಿದ್ದಾರೆ.

ಉತ್ತರ: ಚರ್ಮರೋಗ ವೈದ್ಯೆ, ದಾವಣಗೆರೆ

ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಾಣು ನಿರೋಧಕ ಮಾತ್ರೆ ಆರಂಭವಾದರೆ ಅದರ ಪ್ರಯೋಜನ ಹೆಚ್ಚು. ನೀವು ಆ ಅವಧಿಯೊಳಗೆ ಆರಂಭಿಸಿದ್ದರೆ ದೊಡ್ಡ ಕೆಲಸ ಆಗಿದೆ ಎಂದೇ ತಿಳಿಯಿರಿ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಾಣುವೇ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ದೇಹದ ನಿಗಾ ಸಡಿಲವಾದಾಗ ಒಂದೇ ನರದ ಗುಂಟ ಚರ್ಮಕ್ಕೆ ಇಳಿದು ಬರುತ್ತದೆ. ಆ ನರ ದೇಹದ ಒಂದು ಪಕ್ಕಕ್ಕೆ ಮಾತ್ರ ಸೇರಿರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ಸುತ್ತು ಪೂರ್ತಿಯಾಗಿ ತಲೆ ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ನಂಬಿಕೆಗೆ ಆಧಾರವಿಲ್ಲವೆಂದು ನಿಮ್ಮ ತಾಯಿಯವರಿಗೆ ಸಮಾಧಾನವಾಗಿ ಹೇಳಿ. ಒಡೆದ ಗುಳ್ಳೆಯ ಮೇಲೆ ಮಣ್ಣು ಬಿದ್ದರೆ ಕೀವಾಗುವ ಸಾಧ್ಯತೆ ಇರುವುದರಿಂದ ದಯವಿಟ್ಟು ಹಚ್ಚಿಸಿಕೊಳ್ಳಬೇಡಿ.

ಓಟಗಾರರಿಗೆ ನಾನು ಒತ್ತಿ ಹೇಳುವ ಮಾತು ಮೂತ್ರಪಿಂಡದ ಬಗ್ಗೆ. ನೀವು ನುಂಗುತ್ತಿರುವ ಔಷಧ ದೇಹದಿಂದ ಹೊರಹೋಗುವುದು ಬಹುಪಾಲು ಮೂತ್ರಪಿಂಡದ ಮೂಲಕ. ಬೆವರಿ ದೇಹದ ನೀರಿನಂಶ ಇಳಿದಿದ್ದರೆ ಅದು ಅಲ್ಲಿ ಹರಳುಗಟ್ಟಿ ತೊಂದರೆ ಕೊಡಬಹುದು. ಅದರ ಮೇಲೆ ದೂರದ ಓಟದವರು ಸಲೀಸಾಗಿ ನುಂಗುವ ಐಬುಪ್ರೊಫೆನ್ ಅಥವಾ ಡೈಕ್ಲೊಫೆನ್ಯಾಕ್ ಕೂಡ ಸೇರಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವೂ ಕಡಿಮೆಯಾಗಿ ಅಪಾಯ ಹೆಚ್ಚುತ್ತದೆ. ಮಾತ್ರೆ ಮುಗಿಯುವವರೆಗೆ ಬಿಸಿಲಿನ ಓಟ ಬೇಡ, ನೀರು ಧಾರಾಳವಾಗಿ ಕುಡಿಯಿರಿ. ನೋವಿಗೆ ಪ್ಯಾರಾಸಿಟಮಾಲ್ ಸಾಲದಿದ್ದರೆ ಅಂಗಡಿಯಿಂದ ಮತ್ತೊಂದನ್ನು ತರದೆ, ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಗರ್ಭಿಣಿಯ ವಿಷಯದಲ್ಲಿ ನಿಮ್ಮ ಚಿಂತೆ ಸರಿಯಾದದ್ದೇ. ಗುಳ್ಳೆಯ ನೀರು ತಾಗಿದರೆ, ಹಿಂದೆ ಚಿಕನ್‌ಪಾಕ್ಸ್ ಬಾರದ ಮತ್ತು ಲಸಿಕೆಯನ್ನೂ ಪಡೆಯದವರಿಗೆ ಚಿಕನ್‌ಪಾಕ್ಸ್ ಬರಬಹುದು. ಎಲ್ಲಾ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ, ಅಂದರೆ ಸುಮಾರು ಏಳರಿಂದ ಹತ್ತು ದಿನ, ಆ ಜಾಗವನ್ನು ಅಂಟದ ಪಟ್ಟಿಯಿಂದ ಮುಚ್ಚಿಡಿ, ಟವೆಲ್ ಬೇರೆ ಇಡಿ, ಈಜುಕೊಳಕ್ಕೆ ಹೋಗಬೇಡಿ. ಅವರಿಗೆ ಹಿಂದೆ ಚಿಕನ್‌ಪಾಕ್ಸ್ ಬಂದಿತ್ತೇ ಎಂದು ಕೇಳಿ ತಿಳಿಯಿರಿ. ಖಚಿತವಿಲ್ಲದಿದ್ದರೆ ಅವರ ಪ್ರಸೂತಿ ವೈದ್ಯರಿಗೆ ಇಂದೇ ತಿಳಿಸಬೇಕು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಹಣೆ, ಕಣ್ಣಿನ ಸುತ್ತ, ಮೂಗಿನ ತುದಿ ಅಥವಾ ಕಿವಿಯಲ್ಲಿ ಗುಳ್ಳೆ ಎದ್ದರೆ ಒಂದು ದಿನವೂ ಕಾಯದೆ ತಜ್ಞರ ಬಳಿಗೆ ಹೋಗಿ, ಏಕೆಂದರೆ ಅಲ್ಲಿ ದೃಷ್ಟಿಗೆ, ಕಿವಿಗೆ ಅಥವಾ ಮುಖದ ನರಕ್ಕೆ ಹಾನಿಯಾಗುವ ಭಯವಿದೆ.

ಉತ್ತರ: ದೂರದ ಸೈಕಲ್, ಹುಬ್ಬಳ್ಳಿ

ನನಗೂ ಬ್ರೆವೆಗಳ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿಗಳ) ನಡುವೆ ಇದೇ ಜಾಗದಲ್ಲಿ ಬಂದಿತ್ತು. ವೈದ್ಯರು ಹೇಳಿದ್ದಕ್ಕೆ ಅನುಭವದಿಂದ ಸೇರಿಸುವುದಾದರೆ, ಚರ್ಮ ನೋಡಲು ವಾಸಿಯಾದ ಮೇಲೂ ನರ ವಾಸಿಯಾಗಿರುವುದಿಲ್ಲ. ಹಕ್ಕಳೆಗಳೆಲ್ಲ ಉದುರಿದ ನಂತರವೂ ಜೆರ್ಸಿಯ ಬಟ್ಟೆ ಗಾಳಿಗೆ ಅಲುಗಿ ಪಕ್ಕೆಗೆ ಸೋಕಿದರೆ ಸಾಕು, ಕಾದ ಕಾವಲಿ ಮುಟ್ಟಿಸಿದಂತಾಗುತ್ತಿತ್ತು. ಆದರೆ ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಅಷ್ಟು ನೋವಿರಲಿಲ್ಲ. ಹೀಗಾಗಿ ಸಡಿಲ ಅಂಗಿಗಿಂತ ಮೈಗೆ ಅಂಟಿಕೊಳ್ಳುವ, ಒಳಹೊಲಿಗೆ ಇಲ್ಲದ ಮೆತ್ತನೆಯ ಬನಿಯನ್ ನನಗೆ ಹೆಚ್ಚು ಹಿತವೆನಿಸಿತು. ಎದೆಪಟ್ಟಿಯನ್ನು ಬಿಟ್ಟು ತೋಳಿಗೆ ಕಟ್ಟುವ ಅಳತೆಪಟ್ಟಿಯನ್ನು ಬಳಸಿದೆ, ನೀರಿನ ಚೀಲದ ಬದಲು ಸೊಂಟದ ಬೆಲ್ಟ್ ಕಟ್ಟಿಕೊಂಡೆ.

ನರದ ನೋವಿಗೆ ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಕೊಟ್ಟರೆ ಮೊದಲ ದಿನಗಳಲ್ಲಿ ತೂಕಡಿಕೆ ಮತ್ತು ತಲೆಸುತ್ತು ಬರಬಹುದು. ಆ ಸ್ಥಿತಿಯಲ್ಲಿ ಹೆದ್ದಾರಿಯಲ್ಲಿ ಸೈಕಲ್ ಓಡಿಸುವುದಾಗಲಿ, ಬೆಳಗಿನ ಕತ್ತಲಲ್ಲಿ ಬೆಟ್ಟದ ಮೆಟ್ಟಿಲು ಇಳಿಯುವುದಾಗಲಿ ಖಂಡಿತ ಬೇಡ. ರಾತ್ರಿಯ ನಿದ್ದೆ ನೋವಿನಿಂದ ಕೆಡುತ್ತಿದ್ದರೆ ಅದನ್ನು ವೈದ್ಯರಿಗೆ ಬಿಡಿಸಿ ಹೇಳಿ. ದೂರದ ಆಟದವರು ನೋವು ಸಹಿಸುವುದನ್ನು ರೂಢಿ ಮಾಡಿಕೊಂಡಿರುತ್ತೇವೆ, ಆದರೆ ಈ ನೋವನ್ನು ಸಹಿಸಿ ಗಳಿಸುವುದೇನೂ ಇಲ್ಲ.

ಉತ್ತರ: ಓಟದ ತರಬೇತುದಾರ, ಬೆಂಗಳೂರು

ಅಭ್ಯಾಸ ತಪ್ಪಿ ಕಟ್ಟಿದ್ದೆಲ್ಲ ಹೋಗುತ್ತದೆ ಎಂಬ ಭಯವೇ ಬಹಳ ಜನರನ್ನು ಅವಸರಕ್ಕೆ ತಳ್ಳುತ್ತದೆ. ಚೆನ್ನಾಗಿ ಪಳಗಿದ ಆಟಗಾರರು ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸಿದಾಗ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯವು ಮೊದಲ 21 ದಿನಗಳಲ್ಲಿ ಸುಮಾರು ಶೇ. 7ರಷ್ಟು ಇಳಿಯಿತೆಂದು 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮೊದಲ ದಿನಗಳ ಇಳಿಕೆಗೆ ರಕ್ತದ ದ್ರವಾಂಶ ತಗ್ಗುವುದೇ ಮುಖ್ಯ ಕಾರಣವಾಗಿದ್ದು, ಓಟ ಮರಳಿದಂತೆ ಅದೂ ಬೇಗ ಮರಳುತ್ತದೆ. ಇಷ್ಟು ನಷ್ಟವನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು.

ಗುಳ್ಳೆಗಳು ಹಸಿಯಾಗಿರುವಾಗ ನೆರಳಿನಲ್ಲಿ ಮೆಲ್ಲನೆಯ ನಡಿಗೆ ಸಾಕು, ಅದೂ ಮೈ ಒಪ್ಪಿದರೆ ಮಾತ್ರ. ಜ್ವರ ಬಂದರೆ ಅದೂ ಬೇಡ, ಏಕೆಂದರೆ ವೈರಾಣು ಸೋಂಕಿನ ಜ್ವರದಲ್ಲಿ ಶ್ರಮಪಟ್ಟರೆ ಹೃದಯದ ಸ್ನಾಯುವಿನ ಉರಿಯೂತದ ಅಪಾಯವಿದೆ. ಹಕ್ಕಳೆ ಕಟ್ಟಿ, ಮಾತ್ರೆ ಮುಗಿದು, ಬೆಳಗಿನ ನಾಡಿಬಡಿತ ನಿಮ್ಮ ಎಂದಿನ ಮಟ್ಟಕ್ಕೆ ಇಳಿದ ಮೇಲೆ ಅರ್ಧ ಗಂಟೆಯ ಸುಲಭ ಓಟದಿಂದ ಆರಂಭಿಸಿ. ಮರುದಿನ ಸುಸ್ತು ಅಥವಾ ಉರಿ ಹೆಚ್ಚಿದರೆ ಹಿಂದಿನ ಹಂತಕ್ಕೆ ಮರಳಿ. ಬೆಟ್ಟದ ಇಳಿಜಾರಿನ ಅಭ್ಯಾಸ, ವೇಗದ ಓಟ ಎಲ್ಲಕ್ಕಿಂತ ಕೊನೆಗೆ ಬರಲಿ. ಓಟಕ್ಕೆ ಎರಡು ತಿಂಗಳಿಗಿಂತ ಕಡಿಮೆ ಸಮಯ ಉಳಿದಿದ್ದರೆ ಈ ವರ್ಷದ 50 ಕಿಲೋಮೀಟರನ್ನು ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬೆಟ್ಟದ ದಾರಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ತಮ್ಮನ ಹೆಂಡತಿಗೆ ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಬಂದಿತ್ತೆಂದು ಅವರ ತಾಯಿ ಖಚಿತಪಡಿಸಿದ್ದಾರೆ. ಆದರೂ ಪ್ರಸೂತಿ ವೈದ್ಯರಿಗೆ ತಿಳಿಸಿದ್ದೇವೆ. ಓಟಕ್ಕೆ ಐದೇ ವಾರ ಉಳಿದಿರುವುದರಿಂದ ಈ ಸಲ ಸ್ವಯಂಸೇವಕನಾಗಿ ನೀರಿನ ಮೇಜಿನ ಬಳಿ ನಿಲ್ಲಲು ಅವಕಾಶವಿದೆಯೇ ಎಂದು ಕೇಳುತ್ತೇನೆ. ಮತ್ತೆ ಬಾರದಂತೆ ಲಸಿಕೆ ಇದೆಯಂತೆ. ನಾನು ಈಗಲೇ ಹಾಕಿಸಿಕೊಳ್ಳಬಹುದೇ?

ಚರ್ಮರೋಗ ವೈದ್ಯೆ, ದಾವಣಗೆರೆ

ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ. ಅದು ಮುಖ್ಯವಾಗಿ 50 ವರ್ಷ ತುಂಬಿದವರಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಈಗ ಬಂದಿರುವ ಸರ್ಪಸುತ್ತಿಗೆ ಅದು ಚಿಕಿತ್ಸೆಯಲ್ಲ. ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಕಾಯಿಲೆ ನಿಮಗಿಲ್ಲವಾದರೆ 50 ತುಂಬಿದ ಮೇಲೆ ನಿಮ್ಮ ವೈದ್ಯರೊಡನೆ ಮಾತನಾಡಿ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ತೋಳುನೋವು, ಮೈಕೈ ನೋವು, ಜ್ವರ ಬರುವುದು ಸಾಮಾನ್ಯವಾದ್ದರಿಂದ ದೊಡ್ಡ ಓಟವಿರುವ ವಾರದಲ್ಲಿ ಮಾತ್ರ ಹಾಕಿಸಿಕೊಳ್ಳಬೇಡಿ.