ದೋಣಿಮನೆ, ಮನೆದೋಣಿ, ತೇಲುಮನೆ: ಯಾವುದು ಸರಿ?

ಕೇರಳದ ಆಲಪ್ಪುಳದ ಪ್ರವಾಸದ ಬಗ್ಗೆ ಬಂದ ಲೇಖನವೊಂದನ್ನು ಅಚ್ಚಿಗೆ ತಿದ್ದುತ್ತಿರುವಾಗ, ಒಂದೇ ಪುಟದಲ್ಲಿ ಹೌಸ್‌ಬೋಟ್, ಬೋಟ್‌ಹೌಸ್, ದೋಣಿಮನೆ ಎಂಬ ಮೂರು ಮಾತುಗಳು ಒಂದೇ ವಸ್ತುವಿಗೆ, ಪ್ರವಾಸಿಗರು ರಾತ್ರಿ ತಂಗುವ ದೋಣಿಗೆ, ಬಳಕೆಯಾಗಿದ್ದುದನ್ನು ಕಂಡು ಈ ವಿಚಾರವನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಬೋಟ್‌ಹೌಸ್ ಎಂದರೆ ದೋಣಿಗಳನ್ನು ಇಡುವ ಕಟ್ಟಡವಾದ್ದರಿಂದ ಅದನ್ನು ಹೊಡೆದುಹಾಕಿದೆ. ತೊಡಕಿರುವುದು ದೋಣಿಮನೆಯಲ್ಲಿ.

ಕನ್ನಡದಲ್ಲಿ 'ಮನೆ' ಸಮಾಸದ ಕೊನೆಗೆ ಬಂದಾಗ ಮೊದಲ ಪದವು ಸಾಮಾನ್ಯವಾಗಿ ಅಲ್ಲಿ ನಡೆಯುವ ಕೆಲಸವನ್ನೋ ಅಲ್ಲಿರುವ ವಸ್ತುವನ್ನೋ ಹೇಳುತ್ತದೆ: ಅಡುಗೆಮನೆ, ಬಚ್ಚಲುಮನೆ, ಆಲೆಮನೆ. ತೇರು ನಿಲ್ಲಿಸುವ ಕಟ್ಟಡ ತೇರಿನ ಮನೆ. ಆ ಜಾಡಿನಲ್ಲಿ ದೋಣಿಮನೆ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಮಳೆಗಾಲದಲ್ಲಿ ದೋಣಿಯನ್ನು ಎಳೆದು ಕವುಚಿಡುವ ಕೊಟ್ಟಿಗೆ. ಹೊಡೆದುಹಾಕಿದ ಬೋಟ್‌ಹೌಸೇ ವೇಷ ಬದಲಿಸಿ ಮರಳಿ ಬಂದಂತಾಯಿತು. ತಿರುಗಿಸಿ ಮನೆದೋಣಿ ಎಂದರೆ ಅದು ಮನೆದೇವರು, ಮನೆಮಾತುಗಳ ಸಾಲಿಗೆ ಸೇರಿ, ಒಂದು ಕುಟುಂಬದವರು ತಮ್ಮ ಬಳಕೆಗೆ ಇಟ್ಟುಕೊಂಡ ದೋಣಿ ಎಂಬ ಅರ್ಥ ಕೊಡುತ್ತದೆ. ಆಲಪ್ಪುಳದ ಸುತ್ತಲಿನ ಕುಟ್ಟನಾಡಿನಲ್ಲಿ ಅಂಥ ಪುಟ್ಟ ದೋಣಿಗಳು ಮನೆಯ ಮುಂದಿನ ಮೆಟ್ಟಿಲಿಗೇ ಕಟ್ಟಿರುತ್ತವೆಯಾದ್ದರಿಂದ ಈ ಗೊಂದಲ ಬರೀ ವ್ಯಾಕರಣದ್ದಲ್ಲ.

ತೇಲುಮನೆ ಎಂಬುದು ಬೀಸುಕಲ್ಲು, ತೂಗುಸೇತುವೆಗಳಂತೆ ಕಟ್ಟಿದ ಮಾತು, ಕಿವಿಗೂ ಹಿತ. ಆದರೆ ಶ್ರೀನಗರದ ದಾಲ್ ಸರೋವರದಲ್ಲಿ ನಿಂತಲ್ಲೇ ನಿಂತಿರುವ, ಶಿಕಾರ ಎಂಬ ಪುಟ್ಟ ದೋಣಿ ಏರಿ ತಲುಪಬೇಕಾದ ಮರದ ಮನೆಗಳಿಗೆ ಅದು ಹೊಂದುವಷ್ಟು ಕೇರಳದ್ದಕ್ಕೆ ಹೊಂದುವುದಿಲ್ಲ. ಆಲಪ್ಪುಳದ ವೇಂಬನಾಡು ಸರೋವರದಲ್ಲಿ ಇದು ಹಗಲೆಲ್ಲ ಚಲಿಸುತ್ತದೆ, ಸಂಜೆ 5.30ರ ಹೊತ್ತಿಗೆ, ಮೀನುಗಾರರು ರಾತ್ರಿಯ ಬಲೆ ಬಿಡುವ ಮುನ್ನ, ದಡದ ತೆಂಗಿಗೆ ಹಗ್ಗ ಬಿಗಿದು ನಿಲ್ಲುತ್ತದೆ. ಹುಟ್ಟಿನಿಂದಲೂ ಇದು ದೋಣಿಯೇ: ಭತ್ತ ಸಾಗಿಸುತ್ತಿದ್ದ, ಮಲಯಾಳದಲ್ಲಿ ಕೆಟ್ಟುವಳ್ಳ ಎನ್ನುವ ದೋಣಿಗೆ 1990ರ ದಶಕದಿಂದೀಚೆಗೆ ಬಿದಿರು ಚಾಪೆಗಳ ಚಾವಣಿಯನ್ನೂ ಮಲಗುವ ಕೋಣೆಯನ್ನೂ ಸೇರಿಸಿದರು. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದಿಗೆ ನಾರು ತುಂಬಿ, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುವುದು ಅದರ ಕ್ರಮ. ಮಲಯಾಳದ 'ಕೆಟ್ಟು' ನಮ್ಮ 'ಕಟ್ಟು'ವೇ ಆಗಿದ್ದರೂ, ಹಾಗೆಯೇ ಉಳಿಸಿದರೆ ಕನ್ನಡದ ಓದುಗನಿಗೆ ಕೆಟ್ಟು ನಿಂತ ದೋಣಿಯ ನೆನಪಾದೀತು! ಆದ್ದರಿಂದ ಹಳೆಯ ಸರಕಿನ ದೋಣಿಗೆ 'ಕಟ್ಟುದೋಣಿ' ಎಂದೂ, ಪ್ರವಾಸಿಗರು ರಾತ್ರಿ ಕಳೆಯುವ ಇಂದಿನದಕ್ಕೆ, ತಂಗುದಾಣದ ಮಾದರಿಯಲ್ಲಿ, 'ತಂಗುದೋಣಿ' ಎಂದೂ ಬರೆದಿದ್ದೇನೆ.

ಲೇಖನದಲ್ಲಿ ವೇಂಬನಾಡಿನಂಥ ನೀರಿಗೆ, ಇಂಗ್ಲಿಷಿನ ಬ್ಯಾಕ್‌ವಾಟರ್‌ಗೆ ಸಾಟಿಯಾಗಿ, 'ಹಿನ್ನೀರು' ಎಂಬ ಮಾತು ಕೂಡ ಹದಿನೈದು ಕಡೆ ಇತ್ತು. ಪತ್ರಿಕೆಗಳಲ್ಲಿ ಇದು ರೂಢಿಯಾಗಿದೆಯೆಂಬುದು ನಿಜ, ಆದರೆ ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಹಿನ್ನೀರೆಂದರೆ ಅಣೆಕಟ್ಟೆಯ ಹಿಂದೆ ನಿಂತ ನೀರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಊರು, ಗದ್ದೆ ಕಳೆದುಕೊಂಡ ಶರಾವತಿ ಕಣಿವೆಯವರಿಗೆ ಆ ಮಾತಿನಲ್ಲಿ ಮುಳುಗಡೆಯ ನೆನಪಿದೆ. ಕಡಲಿಗೆ ಸಮನಾಗಿ ಹರಡಿಕೊಂಡ ವೇಂಬನಾಡು ಅಂಥದ್ದಲ್ಲ. ಅಲ್ಲಿಯವರ 'ಕಾಯಲ್' ಪದವನ್ನೇ ಇಟ್ಟುಕೊಳ್ಳಬಹುದು. ಉಕಾರ ಸೇರಿಸಿ 'ಕಾಯಲು' ಎಂದು ಮಾತ್ರ ಬರೆಯಬಾರದು, ಏಕೆಂದರೆ 'ಕಾಯಲು ಹೋದೆವು' ಎಂದು ಓದಿದವರು ಯಾರಿಗಾಗಿ ಎಂದು ಕೇಳಿಯಾರು.

'ತಂಗುದೋಣಿ'ಯನ್ನು ಈ ಅರ್ಥದಲ್ಲಿ ಯಾರಾದರೂ ಅಚ್ಚಿನಲ್ಲಿ ಕಂಡಿದ್ದರೆ, ಅಥವಾ ವಲಿಯಪರಂಬ ಕಾಯಲಿನಲ್ಲಿ ಓಡುವ ಇಂಥ ದೋಣಿಗೆ ಕಾಸರಗೋಡಿನ ಕನ್ನಡಿಗರು ಮನೆಮಾತಿನಲ್ಲಿ ಬೇರೆ ಹೆಸರು ಹೇಳುವುದಿದ್ದರೆ, ದಯವಿಟ್ಟು ತಿಳಿಸಬೇಕು.