ದೇವಕಿ ಅರ್ಧಕ್ಕೆ ಬಿಟ್ಟ ಚಿತ್ರ

ನಮ್ಮ ಪಿಯುಸಿ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ, ಕಾಫಿ ರೇಟು, ಯಾರದೋ ತೋಟಕ್ಕೆ ಆನೆ ಬಂದ ಸುದ್ದಿ, ಇಷ್ಟು ಬಿಟ್ಟರೆ ಬೇರೆ ಮಾತಿಲ್ಲ. ಮೊನ್ನೆ ನಫೀಸಾ ಒಂದು ಫೋಟೋ ಹಾಕಿದಳು. ರಾತ್ರಿ ಹನ್ನೊಂದಾದರೂ ಯಾರೂ ಮಲಗಲಿಲ್ಲ. ಅಡ್ಮಿನ್ ಆದ ತಪ್ಪಿಗೆ ನಾನು ಪೂರ್ತಿ ಓದಿದೆ. ಹೆಸರು ಬದಲಿಸಿ, ಸ್ಟಿಕ್ಕರ್‌ಗಳನ್ನೆಲ್ಲ ತೆಗೆದು ಇಲ್ಲಿ ಹಾಕಿದ್ದೇನೆ.

ನಫೀಸಾ: ನಮ್ಮ ದೇವಕಿಯ ಚಿತ್ರಗಳು. ಮಡಿಕೇರಿಯಲ್ಲಿ ಪ್ರದರ್ಶನ, ಮಾರಾಟ, ಶನಿವಾರ ಭಾನುವಾರ. ಎಲ್ಲವೂ ಪಳೆಯುಳಿಕೆ ನೋಡಿ ಬರೆದದ್ದು. ಬನ್ನಿ.

ಹರೀಶ: ಬಸವನಹುಳು ಅಲ್ವಾ ಇದು? ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಬಕೆಟ್‌ಗಟ್ಟಲೆ ಹೆಕ್ಕಿ ಉಪ್ಪು ಹಾಕುತ್ತೇವೆ. ದುಡ್ಡು ಕೊಟ್ಟು ಗೋಡೆಗೆ ಬೇರೆ ಹಾಕಬೇಕಾ?

ನಫೀಸಾ: ಬಸವನಹುಳು ಅಲ್ಲ ಮಾರಾಯ, ಅಮೋನೈಟ್. ಸುರುಳಿ ಚಿಪ್ಪು ಒಂದೇ ಹೋಲಿಕೆ. ಇದರ ನೆಂಟರು ಆಕ್ಟೋಪಸ್, ಬೊಂಡಾಸ್ (ಸ್ಕ್ವಿಡ್). ಚಿಪ್ಪಿನೊಳಗೆ ಅಡ್ಡಗೋಡೆ ಹಾಕಿ ಕೋಣೆ ಮಾಡಿಕೊಂಡು, ಕೊನೇ ಕೋಣೆಯಲ್ಲಿ ಮಾತ್ರ ವಾಸ. ಉಳಿದ ಕೋಣೆಗಳು ತೇಲುವುದಕ್ಕೆ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಇವೂ ಹೋದವು.

ಪೊನ್ನಪ್ಪ: ಅದೆಲ್ಲ ಸರಿ, ಕೊಡಗಿನಲ್ಲಿ ಇದು ಎಲ್ಲಿದೆ? ನಾನು 600 ಅಡಿ ಬೋರ್ ಕೊರೆಸಿದೆ. ಕಲ್ಲಿನ ಪುಡಿ ಬಿಟ್ಟು ಏನೂ ಬರಲಿಲ್ಲ. ನೀರೂ ಬರಲಿಲ್ಲ.

ನಫೀಸಾ: 6000 ಅಡಿ ಇಳಿದರೂ ಅಮೋನೈಟ್ ಸಿಗಲ್ಲ. ನಮ್ಮ ಕಲ್ಲು 300 ಕೋಟಿ ವರ್ಷಕ್ಕಿಂತ ಹಳೆಯದು. ಆಗ ಚಿಪ್ಪು ಇರುವ ಜೀವಿಯೇ ಇರಲಿಲ್ಲ. ಮೇಲಿಂದ ಆ ಕಲ್ಲು ನೆಲದಾಳದಲ್ಲಿ ಚೆನ್ನಾಗಿ ಬೆಂದಿದೆ. ಅಮೋನೈಟ್ ಬೇಕಾದರೆ ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನ ಕಡೆ ಹೋಗಬೇಕು.

(ನಫೀಸಾ ಭೂವಿಜ್ಞಾನದ ಮೇಷ್ಟ್ರು. ಪೊನ್ನಪ್ಪನ ಬೋರ್‌ವೆಲ್ ಕಥೆ ನಾವು ನೂರು ಸಲ ಕೇಳಿದ್ದೇವೆ. ಅದಕ್ಕೆ ಕಾರಣ ಸಿಕ್ಕಿದ್ದು ಇದೇ ಮೊದಲು.)

ಪೊನ್ನಪ್ಪ: ಹಾಗಾದರೆ ಇಲ್ಲದ್ದನ್ನು ಬರೆಯುವುದು ಯಾಕೆ? ತಲಕಾವೇರಿ ಬರೆಯಲಿ, ಬ್ರಹ್ಮಗಿರಿ ಬರೆಯಲಿ.

ಶ್ರೀಧರ: ನನಗೆ ತೊಂದರೆ ಬೇರೆ. ಫೋಟೋ ದೊಡ್ಡದು ಮಾಡಿ ನೋಡಿ. ಚಿತ್ರದ ಕೆಳಗೆ ‘ಸಾಲಿಗ್ರಾಮ, ಸತ್ತ ಸಮುದ್ರಜೀವಿ’ ಅಂತ ಬರೆದಿದ್ದಾಳೆ. ನಮ್ಮ ಮನೆಯಲ್ಲಿ ದಿನಾ ಅಭಿಷೇಕ ಮಾಡಿದ ತೀರ್ಥ ಕುಡಿಯುತ್ತೇವೆ. ಸತ್ತದ್ದು ಅಂದರೆ ಹೇಗಾಗುತ್ತದೆ?

ನಫೀಸಾ: ಸಾಲಿಗ್ರಾಮ ಬರುವುದು ನೇಪಾಳದ ಕಾಳಿ ಗಂಡಕಿಯಿಂದ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರ ಇತ್ತು. ಸುಮಾರು 15 ಕೋಟಿ ವರ್ಷದ ಹಿಂದಿನ ಕೆಸರು ಕಪ್ಪು ಕಲ್ಲಾಯ್ತು, ಅದರೊಳಗೆ ಅಮೋನೈಟ್. ನೀವು ಚಕ್ರ ಅನ್ನುವುದು ಅದರ ಸುರುಳಿ.

ಶ್ರೀಧರ: ಅದು ನನಗೂ ಗೊತ್ತು. ಗೊತ್ತಿದ್ದದ್ದನ್ನೆಲ್ಲ ದೇವರ ಕೆಳಗೆ ಬರೆದು ಅಂಟಿಸಬೇಕಾ ಅಂತ ಕೇಳಿದೆ.

ಇಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಶ್ರೀಧರನ ಮಾತು ನನಗೂ ಚುಚ್ಚಿತು. ಆಮೇಲೆ ಹರೀಶ.

ಹರೀಶ: ಇನ್ನೊಂದು ವಿಷಯ. ಚಿಪ್ಪು ಚೆನ್ನಾಗಿದೆ, ಒಂದೊಂದು ಏಣೂ ಎಣಿಸಬಹುದು. ಬಾಯಿಯ ಹತ್ತಿರ ಬಂದರೆ ಬರೀ ಪೆನ್ಸಿಲ್ ಗೀಟು. ಇಂಕ್ ಮುಗಿಯಿತಾ? ಅರ್ಧಕ್ಕೆ ಬಿಟ್ಟದ್ದನ್ನು ಮಾರುತ್ತಿದ್ದಾಳಾ?

ದೇವಕಿ: ಈಗ ನೋಡಿದೆ. ಇಷ್ಟು ಹೊತ್ತು ಕರೆಂಟ್ ಇರಲಿಲ್ಲ. ಹರೀಶ, ಬೇಕಂತಲೇ ಬಿಟ್ಟಿದ್ದೇನೆ. ಚಿಪ್ಪು ಕಲ್ಲಾಗಿ ಉಳಿಯುತ್ತದೆ, ಮೆತ್ತನೆ ಮೈ ಉಳಿಯುವುದು ತೀರಾ ಅಪರೂಪ. ಅಮೋನೈಟ್‌ಗೆ ಎಷ್ಟು ಕೈ ಇತ್ತು ಅಂತ ಇವತ್ತಿಗೂ ಯಾರೂ ಖಚಿತವಾಗಿ ಹೇಳಿಲ್ಲ. ಅದಕ್ಕೇ ಕಂಡದ್ದನ್ನು ಇಂಕಿನಲ್ಲಿ, ಊಹೆಯನ್ನು ಪೆನ್ಸಿಲಿನಲ್ಲಿ ಬರೆದೆ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿಗೆ ಹಾಕಿನ್ಸ್ ಅನ್ನುವ ಕಲಾವಿದ ಡೈನೋಸಾರ್ ಮಾಡಿಕೊಟ್ಟ. ಇಗ್ವಾನೊಡಾನ್‌ನ ಮೂಗಿನ ಮೇಲೆ ಒಂದು ಕೊಂಬು ಕೂರಿಸಿದ. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕವು. ನೋಡಿದರೆ ಅದು ಹೆಬ್ಬೆರಳಿನ ಮೊನೆ! ಆ ಕೊಂಬಿನ ಬೊಂಬೆ ಇವತ್ತಿಗೂ ಅಲ್ಲೇ ನಿಂತಿದೆ. ಸಿಮೆಂಟನ್ನು ಅಳಿಸುವುದಕ್ಕಾಗುತ್ತದಾ? ಪೆನ್ಸಿಲ್ ಅಳಿಸಬಹುದು.

ಪೊನ್ನಪ್ಪ: ಚಿಪ್ಪಿನ ಕಂದು ಬಣ್ಣ ಯಾವುದು?

ದೇವಕಿ: ಕಾಫಿ ಡಿಕಾಕ್ಷನ್. ಏಳು ಕೋಟ್.

ಪೊನ್ನಪ್ಪ: ರೋಬಸ್ಟಾನಾ? ಚಿಕೋರಿ ಬೆರೆಸಿದೆಯಾ?

ದೇವಕಿ: ಚಿಕೋರಿ ಇಲ್ಲದೆ ಅಷ್ಟು ಗಾಢ ಬರಲ್ಲ.

ಪೊನ್ನಪ್ಪ: ಹಾಳಾಯ್ತು.

ದೇವಕಿ: ಶ್ರೀಧರ, ನಿನಗೆ ನೆನಪಿಲ್ಲ ಅನ್ನಿಸುತ್ತದೆ. ನಾನು ಮೊದಲ ಅಮೋನೈಟ್ ನೋಡಿದ್ದೇ ನಿಮ್ಮ ದೇವರ ಮನೆಯಲ್ಲಿ. ಏಳನೇ ಕ್ಲಾಸು. ನಿಮ್ಮ ಅಜ್ಜ ಅಭಿಷೇಕ ಮುಗಿಸಿ, ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದರು. ‘ಮುಟ್ಟಬೇಡ ಮಗು, ಬಾಯಿಯೊಳಗೆ ನೋಡು’ ಅಂದರು. ಸಣ್ಣ ತೂತು. ಒಳಗೆ ಏಣು ಏಣಾಗಿ ಸುತ್ತಿಕೊಂಡು ಹೋಗಿತ್ತು. ಬಸವನಹುಳು ಒಳಗೆ ಮಲಗಿದೆಯಾ ಅಂತ ಕೇಳಿದೆ. ಅವರು ನಕ್ಕರು, ಬೈಯಲಿಲ್ಲ.

ಹರೀಶ: ನೋಡು, ಅವಳೂ ಬಸವನಹುಳು ಅಂದಿದ್ದಾಳೆ!

ಶ್ರೀಧರ: ಅಜ್ಜ ಎಲ್ಲರಿಗೂ ಹಾಗೇ ತೋರಿಸುತ್ತಿದ್ದರು. ಆದರೂ ಚೀಟಿಯಲ್ಲಿ ‘ಸತ್ತ’ ತೆಗೆ.

ದೇವಕಿ: ತೆಗೆದು ಏನು ಬರೆಯಲಿ?

ಶ್ರೀಧರ ಟೈಪ್ ಮಾಡುತ್ತಲೇ ಇದ್ದ. ನಿಲ್ಲಿಸಿದ. ಮತ್ತೆ ಶುರು ಮಾಡಿದ.

ಶ್ರೀಧರ: ಭಾನುವಾರ ಬಂದು ಹೇಳುತ್ತೇನೆ. ಅಲ್ಲಿವರೆಗೆ ಅದನ್ನೂ ಪೆನ್ಸಿಲಿನಲ್ಲೇ ಬರೆದಿಡು.

ಪೊನ್ನಪ್ಪ: ಜಗಳ ಬೆಳಗ್ಗೆಯೇ ಮುಗಿಸಿ. ನಾಲ್ಕು ಗಂಟೆಗೆ ನಾನು ಕಣದ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು.