ಪದಚರ್ಚೆ: ‘ಹೈಯರ್ ಆರ್ಡರ್ ಥಿಂಕಿಂಗ್ ಸ್ಕಿಲ್ಸ್’ ಎಂಬುದಕ್ಕೆ ‘ಉನ್ನತ ಚಿಂತನೆ’ ಸರಿಯೇ?

ಮಾನ್ಯರೇ,

ಪ್ರೌಢಶಾಲೆಯ ಇಂಗ್ಲಿಷ್ ಪಠ್ಯಪುಸ್ತಕದಲ್ಲಿರುವ ಬರವಣಿಗೆಯ ಅಭ್ಯಾಸಗಳನ್ನು ಕುರಿತು ಕನ್ನಡದಲ್ಲಿ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದು, ಅಲ್ಲಿ ಕೆಲವು ಪದಗಳ ತೊಡಕು ಎದುರಾಗಿದೆ. ಬರಿಯ ನೆನಪಿಗಿಂತ ಮೇಲಿನ ಆಲೋಚನೆ ಬೇಡುವ ಪ್ರಶ್ನೆಯನ್ನು ಶಿಕ್ಷಕರು ‘ಹಾಟ್ಸ್ ಪ್ರಶ್ನೆ’ ಎನ್ನುತ್ತಾರೆ. ಈ ‘ಹಾಟ್ಸ್’ಗೆ, ಅಂದರೆ ‘ಹೈಯರ್ ಆರ್ಡರ್ ಥಿಂಕಿಂಗ್ ಸ್ಕಿಲ್ಸ್’ ಎಂಬುದರ ಹ್ರಸ್ವರೂಪಕ್ಕೆ, ‘ಉನ್ನತ ಮಟ್ಟದ ಚಿಂತನಾ ಕೌಶಲಗಳು’, ‘ಉನ್ನತ ಆಲೋಚನಾ ಕೌಶಲ್ಯ’ ಎಂಬ ರೂಪಗಳು ಬಳಕೆಯಲ್ಲಿವೆ. ಕೌಶಲವೋ ಕೌಶಲ್ಯವೋ ಎಂಬ ಹಳೆಯ ಜಗಳ ಇಲ್ಲಿ ಬೇಡ. ನನ್ನ ಸಂದೇಹ ‘ಉನ್ನತ’ವನ್ನು ಕುರಿತದ್ದು. ‘ಸರಳ ಜೀವನ, ಉನ್ನತ ಚಿಂತನೆ’ ಎಂಬ ಸೂಕ್ತಿಯನ್ನು ಕೇಳುತ್ತಲೇ ಬೆಳೆದ ನಮಗೆ ಈ ಪದದಿಂದ ಉದಾತ್ತ ವಿಚಾರಗಳು ನೆನಪಾಗುತ್ತವೆಯೇ ಹೊರತು, ಕಲಿಕೆಯ ಮೆಟ್ಟಿಲು ನೆನಪಾಗುವುದಿಲ್ಲ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, ಕಲಿಕೆಯ ಗುರಿಗಳನ್ನು ಹಂತಹಂತವಾಗಿ ಜೋಡಿಸುವ ವರ್ಗೀಕರಣವನ್ನು 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಪರಿಷ್ಕರಿಸಿದಾಗ, ನಾಮಪದಗಳ ಜಾಗಕ್ಕೆ ಕ್ರಿಯಾಪದಗಳು ಬಂದವು. ನೆನಪಿಸಿಕೊಳ್ಳುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು ಕೆಳಗಿನ ಮೂರು ಹಂತಗಳಾದರೆ, ವಿಶ್ಲೇಷಿಸುವುದರ ಜೊತೆಗೆ ‘ಇವ್ಯಾಲ್ಯುಯೇಟ್’ ಮತ್ತು ‘ಕ್ರಿಯೇಟ್’ ಎಂಬವು ಮೇಲಿನ ಮೂರು. ಸಾಮಾನ್ಯವಾಗಿ ‘ಹಾಟ್ಸ್’ ಎನ್ನುವುದು ಈ ಮೇಲಿನ ಮೂರನ್ನೇ. ಕೊನೆಯ ಎರಡನ್ನು ಕನ್ನಡದಲ್ಲಿ ಹೇಳುವಾಗಲೇ ಅರ್ಥ ಜಾರುತ್ತದೆ.

‘ಇವ್ಯಾಲ್ಯುಯೇಟ್’ಗೆ ‘ಮೌಲ್ಯಮಾಪನ’ ಎಂದೊಡನೆ ನಮಗೆ ಕಾಣುವುದು ಕೆಂಪು ಶಾಯಿಯ ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು. ಅದು ವಿದ್ಯಾರ್ಥಿಯೇ ಮಾಡಬೇಕಾದ ಆಲೋಚನೆ ಎಂಬುದು ಹೊಳೆಯುವುದಿಲ್ಲ. ‘ಕ್ರಿಯೇಟ್’ಗೆ ಬಳಸುವ ‘ರಚಿಸು’ ಇನ್ನೂ ಹೆಚ್ಚು ದಾರಿ ತಪ್ಪಿಸುವ ಪದವೆಂದು ನನ್ನ ಅನಿಸಿಕೆ, ಏಕೆಂದರೆ ‘ವಾಕ್ಯ ರಚಿಸಿ’ ಎಂಬುದು ಕೆಳತರಗತಿಗಳಿಂದಲೇ ಮಕ್ಕಳಿಗೆ ರೂಢಿಯಾದ, ಹೆಚ್ಚಿನ ಯೋಚನೆ ಬೇಡದ ಕೆಲಸ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರಿಚಿತವಾದ ‘ಪ್ರೊಫೈಲ್’ (ವ್ಯಕ್ತಿಪರಿಚಯ) ಬರೆಯುವ ಅಭ್ಯಾಸವನ್ನೇ ನೋಡೋಣ. ಹೆಸರು, ವಯಸ್ಸು, ಎತ್ತರ, ವಿದ್ಯಾಭ್ಯಾಸ, ಹವ್ಯಾಸ ಎಂಬ ಸುಳಿವುಗಳನ್ನು ಪ್ರಶ್ನೆಯೇ ಒದಗಿಸುತ್ತದೆ. ಮಗು ನಡುನಡುವೆ ‘ಈಸ್’, ‘ಹ್ಯಾಸ್’ ಸೇರಿಸಿ ಪ್ಯಾರಾ ಮುಗಿಸುತ್ತದೆ. ಬರೆದದ್ದರಿಂದ ಇದು ‘ರಚನೆ’ಯೇ ಹೌದು, ಆದರೆ ಆಲೋಚನೆ ಅನ್ವಯದ ಹಂತವನ್ನು ದಾಟಿಲ್ಲ. ಅದೇ ಬಗೆಯ ಸುಳಿವುಗಳನ್ನು ಇಬ್ಬರು ವಿದ್ಯಾರ್ಥಿಗಳ ಬಗ್ಗೆ ಕೊಟ್ಟು, ಶಾಲೆಯ ಆಟದ ತಂಡಕ್ಕೆ ಯಾರು ನಾಯಕರಾಗಬೇಕೆಂದು ಕಾರಣಸಹಿತ ಬರೆಯಲು ಹೇಳಿದರೆ, ಎತ್ತರ ಮುಖ್ಯವೋ, ಜೊತೆಗಾರರನ್ನು ಹುರಿದುಂಬಿಸುವ ಗುಣ ಮುಖ್ಯವೋ ಎಂದು ಮಗು ತೂಗಿನೋಡಲೇಬೇಕಾಗುತ್ತದೆ. ವ್ಯಾಕರಣದ ಕಷ್ಟ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. (ಕಷ್ಟದ ಪ್ರಶ್ನೆಗಳೆಲ್ಲ ‘ಹಾಟ್ಸ್’ ಎಂಬ ಗ್ರಹಿಕೆಯೂ ಇದೆ. ಅಪರೂಪದ ಪದವೊಂದರ ಕಾಗುಣಿತ ಕೇಳಿದರೆ ಅದು ಎಷ್ಟೇ ಕಷ್ಟವಾದರೂ ನೆನಪಿನ ಪರೀಕ್ಷೆಯೇ.)

ಪರಿಷ್ಕೃತ ವರ್ಗೀಕರಣವು ‘ಕ್ರಿಯೇಟ್’ ಎಂಬುದರ ಒಳಗೆ ಹೊಸ ಸಾಧ್ಯತೆಗಳನ್ನು ಹೊಳೆಯಿಸಿಕೊಳ್ಳುವುದು, ಯೋಜಿಸುವುದು, ಕೊನೆಗೆ ಮಾಡಿ ಮುಗಿಸುವುದು ಎಂಬ ಮೂರನ್ನೂ ಸೇರಿಸುತ್ತದೆ. ಇವೆಲ್ಲಕ್ಕೂ ‘ರೂಪಿಸು’ ಒಗ್ಗುತ್ತದೆಂದು ನನಗೆ ತೋರುತ್ತದೆ. ‘ಸೃಷ್ಟಿಸು’ ಎಂದರೆ ಶಾಲೆಯ ಅಭ್ಯಾಸಕ್ಕೆ ಬ್ರಹ್ಮನನ್ನೇ ಕರೆತಂದಂತಾಗುತ್ತದೆ. ‘ಉನ್ನತ’ದ ಬದಲು ‘ಮೇಲ್ಹಂತದ ಆಲೋಚನಾ ಕೌಶಲ’ ಎನ್ನಬಹುದೇ? ಇದಕ್ಕಿಂತ ಒಳ್ಳೆಯ ಪದ ಶಿಕ್ಷಕರ ಬಳಕೆಯಲ್ಲಿ ಈಗಾಗಲೇ ಇದ್ದರೆ ತಿಳಿಸಿ. ‘ಇವ್ಯಾಲ್ಯುಯೇಟ್’ ಎಂಬುದಕ್ಕೆ ನಾನು ಸದ್ಯ ಬರೆದುಕೊಂಡಿರುವ ‘ತೂಗಿನೋಡು’ ಔಪಚಾರಿಕ ಬರಹಕ್ಕೆ ಹಗುರವಾಯಿತೇ ಎಂಬುದನ್ನೂ ಬಲ್ಲವರು ಹೇಳಬೇಕೆಂದು ಕೋರುತ್ತೇನೆ.